ಗಾಳಿ ತುಳಿಯುತ್ತಿದ್ದವನು

ಆರ್ಗನ್ನಿಗೆಂದೇ ಬೇರೆ ಜೋಡು ಇಟ್ಟಿದ್ದೇನೆ,
ತೆಳು ಅಟ್ಟೆ, ತುಸುವೇ ಹಿಮ್ಮಡಿ. ಬೀದಿಗೆ ಹಾಕುವಂತಿಲ್ಲ:
ಒಂದು ಮರಳಕಣ ಸಾಕು ಕಾಲ್ಮಣೆ ಗೀರಲು.

ಭಾನುವಾರ ಎರಡು ಊರು. ಒಂಬತ್ತಕ್ಕೆ ಇಲ್ಲಿ, ಹತ್ತೂವರೆಗೆ ಅಲ್ಲಿ,
ನಡುವೆ ಕಡಲ ಒಡ್ಡಿನ ಮೇಲೆ ಸೈಕಲ್ಲು, ಎದುರುಗಾಳಿ.
ಕೀಲಿಮಣೆಯ ಮೇಲೊಂದು ಕನ್ನಡಿ, ಯಾವುದೋ ಹಳೆ ಲಾರಿಯದು.
ಮೂವತ್ತೊಂದು ವರ್ಷ ಅದರಲ್ಲೇ ಊರು ನೋಡಿದ್ದು ನಾನು:
ಎಡಬಲ ಅದಲುಬದಲಾದ ಮದುವೆಗಳು,
ಅಂಗೈಯಗಲದ ಶವಪೆಟ್ಟಿಗೆಗಳು,
ಪಾದ್ರಿ ಫೋಲ್ಕರ್ಟ್ ಗದ್ದ ಎತ್ತಿದರೆ ಶುರು, ಕೆಮ್ಮಿದರೆ ಇನ್ನೊಂದು ಚರಣ.

ಓಕೊ ಮಾತ್ರ ಕನ್ನಡಿಗೆ ಸಿಗುತ್ತಿರಲಿಲ್ಲ, ಕೊಳವೆಗಳ ಹಿಂದಿದ್ದ.
ನಾನು ಹುಡುಗಿಯಾಗಿದ್ದಾಗ ತಿದಿ ತುಳಿಯುತ್ತಿದ್ದವನು ಅವನು.
ಹಲಗೆಯಾಚೆ ಮರದ ಬೂಟು ಟಕ್, ಟಕ್;
ಉದ್ದ ಸ್ವರ ಬಂದರೆ ತಗ್ಗುದನಿಯಲ್ಲಿ ಬೈಗುಳ.
"ನೀನು ಬೆರಳಾಡಿಸುತ್ತೀ ಅಷ್ಟೆ. ನುಡಿಸುವವನು ನಾನು."
ಮೋಟಾರು ಬಂತು. ಅವನು ಬರುವುದು ಬಿಡಲಿಲ್ಲ,
ತಿದಿಯ ಪಕ್ಕ ಕುರ್ಚಿ, ಉಪದೇಶದುದ್ದಕ್ಕೂ ನಿದ್ದೆ.
ಇಲಿ ತಿಂದ ತೊಗಲಿಗೆ ತೇಪೆ ಹಾಕುತ್ತಿದ್ದ, ಕೇಳದೆ, ಕಾಸಿಲ್ಲದೆ.

ಮೊನ್ನೆ ಅವನನ್ನು ಮಣ್ಣು ಮಾಡಿದೆವು.
ಎರಡನೆಯ ಗೀತೆಯಲ್ಲಿ ಕೆಳಗಿನ ಎಫ್ ಸಿಕ್ಕಿಕೊಂಡಿತು.
ಕಾಲೆತ್ತಿದೆ, ನಿಲ್ಲಲಿಲ್ಲ. ಒದ್ದೆ, ನಿಲ್ಲಲಿಲ್ಲ.
ಥಂಡಿಗೆ ಮರ ಉಬ್ಬಿದೆ, ಬೇರೇನಲ್ಲ, ನನಗೆ ಗೊತ್ತು.
ಆ ಸಾಲಿನ ಹಿಡಿ ಒಳಗೆ ತಳ್ಳಿದ್ದರೆ ಬಾಯಿ ಮುಚ್ಚುತ್ತಿತ್ತು.
ಕೈ ಹೋಯಿತು, ಹೋದ ಹಾಗೇ ಬಂತು.
ಉಳಿದದ್ದನ್ನೆಲ್ಲ ಅದೇ ಶ್ರುತಿಗೆ ಇಳಿಸಿ ನುಡಿಸಿದೆ,
ಜಿ-ಯಲ್ಲಿದ್ದದ್ದನ್ನೂ, ತಡವರಿಸುತ್ತ.
ಬೆಂಚುಗಳು ಗುಂಯ್ ಅಂದವು. ಕನ್ನಡಿ ನಡುಗಿ
ಊರು ಮಸುಕಾಯಿತು.

ಆಮೇಲೆ ಚಹಾ. ಬಟ್ಟಲಲ್ಲಿ ಕಲ್ಲುಸಕ್ಕರೆ ಚಿಟ್ಟೆಂದು ಸೀಳುವಾಗ
ಅವನ ಮಗಳು ಇಮ್ಕೆ ನನ್ನ ಕೈ ಹಿಡಿದಳು:
"ಆ ಉದ್ದ ಸ್ವರ, ಎಷ್ಟು ಯೋಚಿಸಿ ಇಟ್ಟಿರಿ!"
ನಾನು ಕೆನೆ ಹಾಕಿಕೊಂಡೆ.

ಲಕೋಟೆಯಲ್ಲಿ ನಲವತ್ತು ಯೂರೊ.
ನಾಲ್ಕಕ್ಕೆ ಪಟ್ಟಣದ ಬ್ಯಾಲೆ ಶಾಲೆ, ಅಲ್ಲಿ ಪಿಯಾನೊ.
ಹನ್ನೊಂದು ಮಕ್ಕಳು ಮಂಡಿ ಮಡಿಸಿ, ಎದ್ದು, ಮತ್ತೆ ಮಡಿಸಿ.
ಪಿಯಾನೊ ಸ್ವರ ಒತ್ತಿದ ಕ್ಷಣದಿಂದಲೇ ಸಾಯತೊಡಗುತ್ತದೆ,
ಅದಕ್ಕೆ ತುಳಿಯುವವರು ಬೇಕಿಲ್ಲ.
"ಫ್ರೌ ಎಲ್ಬರ್ಸ್, ಎಳೆಯಬೇಡಿ," ಅಂದಳು ಟೀಚರು.
ಎಡಗೈ ಕಿರುಬೆರಳು ಎಫ್ ಬಿಟ್ಟು ಏಳುತ್ತಿಲ್ಲ.

ನಾಳೆ ಹೋಗಿ ಆ ಮರಕ್ಕೆ ಪೆನ್ಸಿಲ್ ಪುಡಿ ತಿಕ್ಕಬೇಕು.
ಶನಿವಾರ ಮದುವೆಯಿದೆ,
ಡಿ-ಯಲ್ಲಿ.