ಎಂಬತ್ತು ಡಿ

ಜುಲೈ ಮೂವತ್ತು. ತೀರ್ಥಹಳ್ಳಿ, ನನ್ನ ಜೆರಾಕ್ಸ್ ಅಂಗಡಿ.
ನಾಳೆ ಕಡೇ ದಿನ. ಸರ್ವರ್ ಬೆಳಗಿನಿಂದ ತೂಕಡಿಸುತ್ತಿದೆ.
ಲೈನ್‌ಮನ್ ಚೂಡಪ್ಪ ಬೆಂಚಿನ ತುದಿಯಲ್ಲಿ ಕೂತರು.
ತೊಡೆಯ ಮೇಲೆ ಹೆಲ್ಮೆಟ್ಟು, ಅದರೊಳಗೆ ಫಾರಂ ಹದಿನಾರು,
ಹಾಲಿನ ಪ್ಯಾಕೆಟ್ಟಿನಲ್ಲಿ ಸುತ್ತಿದ ವಿಮೆಯ ರಸೀದಿ.

ಮೊದಲ ಪ್ರಶ್ನೆ: ನಿವಾಸಿಯೇ?
ವರ್ಷದಲ್ಲಿ ನೂರ ಎಂಬತ್ತೆರಡು ದಿನ ದೇಶದೊಳಗಿದ್ದಿರಾ?
"ಮಂಡಗದ್ದೆ ಬೆಳ್ಳಕ್ಕಿಗೆ ಕೇಳಿ ಮೇಡಂ ಅದನ್ನ.
ನಂದು ಬೇಕಾದ್ರೆ ಕಂಬ ಎಣಿಸಿ."
ನಿವಾಸಿ ಎಂದು ಒತ್ತಿದೆ.

ಹಳೇ ಪದ್ಧತೀಲೇ ಹಾಕಿ ಅಂದರು,
ವಿಮೆಗೆ ವಿನಾಯಿತಿ ಅಲ್ಲಿ ಮಾತ್ರವಂತೆ.
ಯಾರು ಹೇಳಿದರೋ, ಸರಿಯಾಗೇ ಹೇಳಿದ್ದಾರೆ.
ನಗದು ಕಟ್ಟಿದ್ದೋ? ಅಲ್ಲ, ಖಾತೆಯಿಂದ.
ಮೂವತ್ತೊಂದು ಸಾವಿರದ ಆರುನೂರ ನಲವತ್ತು.
ಯಾರ ಹೆಸರಿಗೆ?
"ಅತ್ತಿಗೆ."

ಪರದೆಯಲ್ಲಿ ತಾನು, ಹೆಂಡತಿ,
ಅವಲಂಬಿತ ಮಕ್ಕಳು, ತಂದೆ ತಾಯಿ.
ಮೌಸನ್ನು ಮೇಲೆ ಕೆಳಗೆ ಆಡಿಸಿದೆ,
ತಳ ಕಂಡ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ.
ಅತ್ತಿಗೆ ಇಲ್ಲ.

ಮೂರು ವರ್ಷದ ಹಿಂದೆ ಮಾರ್ಚಿಯಲ್ಲಿ
ದರಗು ಗುಡಿಸಲು ಹೋದವಳಿಗೆ ಉಣುಗು ಕಚ್ಚಿತು.
ಕಾಡಿನಲ್ಲಿ ಮಂಗ ಸತ್ತಿದ್ದು ಊರಿಗೆ ಆಮೇಲೆ ಗೊತ್ತಾಯಿತು.
ಎಂಟನೇ ದಿನ ಒಸಡಿನಲ್ಲಿ ರಕ್ತ.
ಆಂಬುಲೆನ್ಸಿನಲ್ಲಿ ಆಗುಂಬೆಯ ಹದಿನಾಲ್ಕು ತಿರುವು,
ಪ್ರತಿ ತಿರುವಿಗೂ ಅವಳ ತಲೆ ಹಿಡಿದು ಕೂತಿದ್ದರಂತೆ.
ಬದುಕಿ ಬಂದಳು. ಸೊಸೈಟಿ ಸಾಲವೂ ಜೊತೆಗೆ ಬಂತು.
ಮುಂದಿನ ವರ್ಷವೇ ಈ ಪಾಲಿಸಿ.

ದನಿ ತಗ್ಗಿಸಿದೆ. "ತಾಯಿ ಅಂತ ಹಾಕಲಾ?
ಇಲ್ಲಿ ಪಾಲಿಸಿ ನಂಬರು ಕೇಳ್ತಾರೆ, ಹೆಸರು ಕೇಳಲ್ಲ.
ಆರು ಸಾವಿರದ ಐನೂರ ಎಂಬತ್ತೊಂದು ಉಳಿಯುತ್ತೆ."
ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಅವರಿಗೆ ಹೇಳಿದೆ.
ನನ್ನ ರಿಟರ್ನಿನಲ್ಲೂ ಹೀಗೆ ಹಿಡಿಸದವಳು ಒಬ್ಬಳಿದ್ದಾಳೆ,
ಹನ್ನೊಂದು ವರ್ಷ, ಒಂದೇ ಒಲೆ.
ಅವಳ ಮಾತು ಇಲ್ಲಿ ಬೇಡ.

ಚೂಡಪ್ಪ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದರು, ಹಾಕಿದರು.
"ಅಮ್ಮ ಹೋದಾಗ ನಂಗೆ ನಾಕು ವರ್ಷ,
ಅತ್ತಿಗೆಗೆ ಹದಿನಾರು. ಮದುವೆಯಾಗಿ ಎಂಟು ತಿಂಗಳು.
ಬಾಯ್ತಪ್ಪಿ ಅಮ್ಮ ಅಂದ್ರೆ ಬಾಯಿಗೇ ಹೊಡೀತಿದ್ಲು.
'ಹಂಗನ್ಬ್ಯಾಡ. ನಿಮ್ಮಮ್ಮ ಸತ್ತಾಳೆ. ನಾ ಅತ್ತಿಗೆ.'
ಹೊಡೆದವಳೇ ಎತ್ತಿಕೊಂಡು ಅನ್ನ ಕಲಸ್ತಿದ್ಲು.

"ಬೇಡ ಮೇಡಂ. ಆ ಜಾಗ ಅಮ್ಮಂದು, ಖಾಲಿ ಇರ್ಲಿ.
ಇವಳದ್ದು ಇದ್ರೆ ಬರೀರಿ."

ಇರಲಿಲ್ಲ. ಸೊನ್ನೆ ಒತ್ತಿದೆ.
ಚಕ್ರ ತಿರುಗಿತು, ತಿರುಗಿತು, ಕೊನೆಗೆ ಒಟಿಪಿ ಕೇಳಿತು.
ಆಧಾರಿಗೆ ಜೋಡಿಸಿದ ನಂಬರಿನ ಫೋನು ಮನೆಯಲ್ಲಿ,
ಅತ್ತಿಗೆಯ ಹತ್ತಿರ.

ಸ್ಪೀಕರಿನಲ್ಲಿ ಕೆಮ್ಮು, ಒಂದು ಕೋಳಿ,
ಕನ್ನಡಕ ಎಲ್ಲೆಲ್ಲೋ ಹುಡುಕುವ ಸದ್ದು.
"ನಾಕು. ಒಂದು. ಸೊನ್ನೆ. ಮತ್ತೆ ನಾಕು.
ಇದೆಂಥದಾ ಇದು... ಎರಡು ಸೊನ್ನೆ,
ಒಂದರ ತಲೆ ಮೇಲೊಂದು ಕೂತಾವೆ."
ಎಂಟು, ಒತ್ತಿದೆ.
"ಕಡೇದು ಕತ್ತಿ ಇದ್ದಂಗೆ ಇದೆ."
ಏಳು.

ತಪ್ಪಾಗಬಾರದೆಂದು ಮೊದಲಿಂದ ಇನ್ನೊಮ್ಮೆ ಹೇಳಿದಳು,
ಆ ಸೊನ್ನೆಗಳನ್ನು ಮತ್ತೆ ಒಂದರ ಮೇಲೊಂದು ಕೂರಿಸಿ.
ಆಮೇಲೆ ಕೇಳಿದಳು,
"ಎಂತಕ್ಕಾ ಚೂಡ ಇದು, ಕರೆಂಟ್ ಬಿಲ್ಲಿಗಾ?"

"ಹೂಂ," ಅಂದರು ಚೂಡಪ್ಪ, "ಅದಕ್ಕೇ."