ಆಚೆ ದಂಡೆಯ ಬೇವಿನ ಮರ

ಕಡಲೂರಿನಿಂದ ಫೋನು. ಪಿಯೆದಾದ್ ಬಾಯಿಯ ಅಂಗಡಿ.
ಗೋಡೆಗೆ ಮೂರಡಿಯ ಹಲಗೆ ಬೇಕಂತೆ:
ಕೆಳಗೆ ಸಮುದ್ರ, ಮೇಲೆ ಗುಡ್ಡ,
ಗುಡ್ಡದ ಮೈತುಂಬ ದ್ರಾಕ್ಷಿ.
"ವೈನ್ ಬಾಟಲಿಗಳ ಹಿಂದೆ ತೂಗುಹಾಕುವುದಕ್ಕೆ.
ನಿಮ್ಮ ಕಿನ್ನಾಳದ ಬಣ್ಣ ಮಾಸುವುದಿಲ್ಲವಂತೆ, ಹೌದಾ?"
ಹೌದ್ರೀ, ಅಂದೆ. ಮುಂಗಡ ಬಂತು.
ಸಮುದ್ರ ನೋಡಿಲ್ಲ ಅನ್ನುವುದನ್ನು ಮಾತ್ರ
ಹೇಳಲಿಲ್ಲ.

ಕಾಮಧೇನುವಿಗೆ ನವಿಲಗರಿ ಇಟ್ಟ ಕೈ ಇದು,
ಅದರ ಹಾಲು ಕುಡಿದಿದ್ದೆನೇ?
ಗರುಡನ ಮೂಗು ತಿದ್ದುವಾಗ
ಗರುಡ ಬಂದು ಕೂತಿದ್ದನೇ ಎದುರಿಗೆ?
ಆದರೂ ನೀರು ಬೇರೆ.
ನೀರಿನ ಸುಳ್ಳು ಬೇಗ ಗೊತ್ತಾಗುತ್ತದೆ.

"ರೈಲು ಐತಿ ವೈನಿ, ಕೊಪ್ಪಳದಾಗ ಹತ್ತಿದ್ರ
ಸೀದಾ ಸಮುದ್ರದ ಬಾಜೂಕ ಇಳೀಬೌದು.
ಆದರ ಮುಂಗಡದಾಗ ಅರ್ಧ ಅದಕ್ಕ ಹೊಕ್ಕೈತಿ"
ಎಂದ ಮೈದುನ ಯಂಕೋಬ.
ಆಮೇಲೆ ತಾನೇ ನಕ್ಕ: ವೈನು ಬರೆಯೋ ವೈನಿ!
ಅವನ ಬೈಕಿನ ಹಿಂದೆ ಕೂತು
ಮುನಿರಾಬಾದಿಗೆ ಹೋದೆವು.

ಕಣ್ಣು ಹೋದಷ್ಟೂ ನೀರು.
ಬೋರಲು ಬಿದ್ದ ಹರಿಗೋಲು, ಅದರ ನೆರಳಲ್ಲಿ ನಾಯಿ.
ಗಾಳಿ ಇದ್ದಷ್ಟು ತೆರೆ, ಇಲ್ಲದಾಗ ಇಲ್ಲ.
"ಸಮುದ್ರ ಅಂದ್ರ ಇದ. ಉಪ್ಪೊಂದು ಕಡಿಮಿ"
ಶೇಂಗಾ ಪೊಟ್ಟಣದ ತಳದ ಉಪ್ಪನ್ನು
ಯಂಕೋಬ ನೀರಿಗೆ ಕೊಡವಿದ.
"ಈಗ ಸರಿ ಆತು, ನೋಡ್ಕೋರಿ."

ನೋಡಿದೆ. ನೀಲಿ ಅಲ್ಲ ಅದು.
ಪಾತ್ರೆ ತೊಳೆದ ಬೂದಿಯ ಬಣ್ಣ, ಅಂಚಿಗೆ ಹಸಿರು.
ಆಚೆ ದಂಡೆಯಲ್ಲಿ ಒಂದೇ ಬೇವಿನ ಮರ,
ನನ್ನ ಕಿರುಬೆರಳ ಉಗುರಿನಷ್ಟು.
ಇದರ ಕೆಳಗೆ ಎಲ್ಲೋ ಅಜ್ಜಿಯ ಊರು.
ಗಾಡಿ ಹತ್ತುವ ಗಡಿಬಿಡಿಯಲ್ಲಿ
ಮಾಡದಲ್ಲಿ ಹಚ್ಚಿಟ್ಟ ದೀಪ
ಆರಿಸುವುದು ಮರೆತಿದ್ದಳಂತೆ.
ಎಣ್ಣೆ ಎಷ್ಟಿತ್ತು ಅಂತ
ಕೊನೆಯ ವರುಷ ದಿನಾ ಕೇಳುತ್ತಿದ್ದಳು, ನಮ್ಮನ್ನು.

ಕುಷ್ಟಗಿ ದಾಟಿ ಕಲ್ಲುಗುಡ್ಡದ ಇಳಿಜಾರು.
ತಂತಿಯ ಮೇಲೆ ತೋಳು ಹಾಕಿ ನಿಂತ ಬಳ್ಳಿಗಳು,
ಹಕ್ಕಿಗೆಂದು ಕಟ್ಟಿದ ಹಳೆ ಸೀರೆಯ ಚೂರುಗಳು.
ಕಾವಲಿನ ಖಾಜಾಸಾಬರು ಒಂದು ಗೊಂಚಲು ಕೊಟ್ಟು
"ತಿನ್ನೋ ಹಣ್ಣಲ್ಲ ಇವು, ಕುಡಿಯೋವು" ಅಂದರು.
ಹುಳಿ. ಬಾಯಿತುಂಬ ಬೀಜ.
ಹೆಂಗಿರತೈತಿ ಆ ವೈನು?
"ನನಗೇನ ಗೊತ್ತವ್ವಾ, ಹನ್ನೊಂದು ವರ್ಷದಿಂದ ಬೆಳಸ್ತೀನಿ,
ನಾಲಿಗಿಗೆ ಹಚ್ಚಿಲ್ಲ."
ಹಣ್ಣಿನ ಮೇಲೆ ವಿಭೂತಿಯಂಥ ತೆಳು ಧೂಳು,
ಹೆಬ್ಬೆರಳಲ್ಲಿ ಒರೆಸಿದರೆ ಒಳಗೆ ಕಪ್ಪು ಕನ್ನಡಿ.
ಅದನ್ನು ಹೇಗೆ ತರುವುದು ಅಂತಲೇ
ಮನೆ ಮುಟ್ಟುವವರೆಗೂ ಚಿಂತೆ.

ಹಗುರ ಮರ, ಅದಕ್ಕೆ ಬಟ್ಟೆ,
ಹುಣಸೆ ಬೀಜದ ಅಂಟು, ಬೆಣಚುಕಲ್ಲಿನ ಪುಡಿ.
ಹದಿನೇಳು ದಿನ.
ದ್ರಾಕ್ಷಿಯ ಧೂಳಿಗೆ ಸುಣ್ಣದ ಬೆರಳು ತಾಗಿಸಿದೆ, ಅಷ್ಟೇ.
ಸಮುದ್ರ ತಾನಾಗಿ ಬಂತು,
ಬರುವಾಗ ಏನೇನೋ ಜೊತೆಗೆ ತಂದಿತು.

ಬಸ್ಸಿಗೆ ಹಾಕಿ ನಾಲ್ಕನೇ ದಿನಕ್ಕೆ ಫೋನು.
"ದ್ರಾಕ್ಷಿ ಕಿತ್ತು ತಿನ್ನುವ ಹಾಗಿದೆ. ಆದರೆ ಬಾಯಿ,
ನಮ್ಮ ಸಮುದ್ರಕ್ಕೆ ಆಚೆ ದಂಡೆ ಇಲ್ಲ.
ಅಲ್ಲೊಂದು ಮರ ಯಾಕೆ?
ಮತ್ತೆ ನೀರಿನ ತಳದಲ್ಲಿ ಅದೇನು, ಹಳದಿ ಚುಕ್ಕೆ?"

ಮರ ಬೇಕಾದರೆ ತೆಗೆದು ಕೊಡತೀನ್ರೀ, ಅಂದೆ.
ಚುಕ್ಕೆ ಆಗಂಗಿಲ್ಲ.
ನೀವ ಅಂದಿದ್ರಲ್ಲಾ, ಕಿನ್ನಾಳದ ಬಣ್ಣ.

ಅವರು ತುಸು ಹೊತ್ತು ಮಾತಾಡಲಿಲ್ಲ.
ಆ ಕಡೆಯಿಂದ ಏನೋ ಮೊರೆಯುತ್ತಿತ್ತು,
ಬಂದು ಹೋಗಿ, ಬಂದು ಹೋಗಿ.
ಫ್ಯಾನೋ ಏನೋ.
ನಾನೂ ಕೇಳಲಿಲ್ಲ,
ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.