ಇಪ್ಪತ್ತೊಂದೂವರೆ

ಭೂಮಿಯನ್ನು ಚೌಕ ಚೌಕವಾಗಿ ಹೆಚ್ಚಿಟ್ಟುಕೊಂಡಿದ್ದೇನೆ,
ಆರು ಲಕ್ಷ ತುಂಡು.
ಒಂದೊಂದಕ್ಕೂ ಒಂದು ಒತ್ತಡ, ಇಷ್ಟು ಎಣ್ಣೆ, ಇಷ್ಟು ನೀರು,
ಕಲ್ಲಿನ ಕಿಂಡಿಗಳು ಇಷ್ಟು, ಅವು ದಾರಿ ಬಿಡುವುದು ಇಷ್ಟು.
ಬಾವಿ ಕೊರೆದ ಕಡೆ ಗೊತ್ತು,
ನಡುವಿನದೆಲ್ಲ ಊಹೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಒಪ್ಪಿದೆ.
ಎರಡು ಕಿಲೋಮೀಟರು ಕೆಳಗಿನ ಹುಣ್ಣಿಗೆ?

ಅಕ್ತಾವು, ಮೂರನೇ ಮಹಡಿ.
ಕಿಟಕಿಯಾಚೆ ಕ್ಯಾಸ್ಪಿಯನ್ ವರ್ಷಕ್ಕಿಷ್ಟು ಹಿಂದೆ ಸರಿಯುತ್ತಿದೆ;
ಅದು ನನ್ನ ಲೆಕ್ಕದಲ್ಲಿಲ್ಲ.
ರಾತ್ರಿಯಿಡೀ ಕಂಪ್ಯೂಟರು ಓಡುತ್ತದೆ. ಬೆಳಿಗ್ಗೆ ಬಂದು ನೋಡಿದರೆ
ಅರವತ್ತೇಳರಿಂದ ನಿನ್ನೆಯವರೆಗೆ
ಇನ್ನೊಮ್ಮೆ ಬದುಕಿ ಮುಗಿಸಿರುತ್ತದೆ ಎಣ್ಣೆಬಯಲು:
ಕೆಂಪು ಬಸಿದು, ಅಂಚಿನಿಂದ ನೀಲಿ ಏರಿ.
ಆಗಿಹೋದದ್ದನ್ನು ತಪ್ಪಿಲ್ಲದೆ ಹೇಳಿದ ಮಾದರಿಗೆ ಮಾತ್ರ
ಆಗಲಿರುವುದನ್ನು ಹೇಳುವ ಹಕ್ಕು.
ನಮ್ಮ ಕಸುಬಿನ ಕಟ್ಟಳೆ ಇದು.

ಇನ್ನೂರ ಆರು ಬಾವಿಗಳು ಒಪ್ಪಿದವು.
ನೂರ ಹದಿನಾಲ್ಕು ಒಪ್ಪಲಿಲ್ಲ.
ಎಂಬತ್ತೇಳರ ಚಳಿಗಾಲ, ಮೂರು ತಿಂಗಳು,
ದಿನಕ್ಕೆ ಇಪ್ಪತ್ತೊಂದೂವರೆ ಟನ್ನು. ಕದಲದ ಗೆರೆ.
ನನ್ನ ಮಾದರಿ ಹನ್ನೊಂದಕ್ಕೇ ಏದುಸಿರು ಬಿಡುತ್ತದೆ.
ಬಗ್ಗಿಸಿದೆ. ಬಡಿದೆ. ಕಲ್ಲನ್ನು ನಾಲ್ಕು ಪಟ್ಟು ಸಡಿಲಿಸಿದೆ.
ಕೊನೆಗೆ ಈಶಾನ್ಯಕ್ಕೆ ಒಂದು ಬಿರುಕು ಎಳೆದೆ,
ಯಾರೂ ಕಾಣದ ಬಿರುಕು,
ಗೆರೆಯ ಮೇಲೆ ಗೆರೆ ಬಂದು ಕೂತಿತು, ಹದ್ದಿನ ಮರಿಯ ಹಾಗೆ.
ಮೇಲಿನವರು ಬೆನ್ನು ತಟ್ಟಿದರು.
ಆ ಬಿರುಕಿನ ಮೇಲೆಯೇ ಹೊಸ ಬಾವಿ, ಗೂಟ ಹೊಡೆಯಿರಿ, ಎಂದರು.

ಗೂಟ ನೋಡಲು ಹೋದ ದಿನ ಮೂರು ಗಂಟೆ ದಾರಿ, ಉಪ್ಪು ಗಾಳಿ.
ನೂರ ಹದಿನಾಲ್ಕರ ಪಂಪು ತಲೆಯಾಡಿಸುತ್ತ
ಎಲ್ಲದಕ್ಕೂ ಹೂಂ ಅನ್ನುತ್ತಿತ್ತು.
ಅದರ ನೆರಳಲ್ಲಿ ಒಂದು ಒಂಟೆ;
ನೆರಳು ಏಳುತ್ತದೆ, ಬೀಳುತ್ತದೆ, ಒಂಟೆ ಮಾತ್ರ ಮಲಗೇ ಇದೆ.

ಕಾವಲುಕೋಣೆಯಲ್ಲಿ ಸಗಿಂದಿಕ್ ಅಜ್ಜ
ಬಟ್ಟಲಿಗೆ ಹುಳಿಬಂದ ಒಂಟೆಹಾಲು ಸುರಿದ.
ಹೆಸರೇನು? ಬೊತಾಗೋಜ್.
ಒಂಟೆಮರಿಯ ಕಣ್ಣು! ಎಂದು ನಕ್ಕ,
ಆ ಕಣ್ಣಿಗೆ ಕೆಳಗಿನದೂ ಕಾಣುತ್ತದೋ?
ಎಂಬತ್ತೇಳು, ಎಂದೆ. ಇಪ್ಪತ್ತೊಂದೂವರೆ, ಎಂದೆ.

ಬಟ್ಟಲು ತುಟಿಯ ಹತ್ತಿರ ನಿಂತಿತು.

ಅದಾ, ಮಗಳೇ. ಮೀಟರು ಹೆಪ್ಪುಗಟ್ಟಿತ್ತು.
ಮೊದಲೇ ಮೇಣದಂಥ ಎಣ್ಣೆ. ಮೈನಸ್ ಇಪ್ಪತ್ತೆಂಟು. ಕೊಳವೆಯೆಲ್ಲ ಕಲ್ಲು.
ಬಂದದ್ದೆಷ್ಟೋ ದೇವರೇ ಬಲ್ಲ.
ಗುರಿ ಇದ್ದದ್ದು ಇಪ್ಪತ್ತೊಂದೂಕಾಲು,
ಮೇಲೆ ಕಾಲು ಸೇರಿಸಿ ಬರೆದೆ.
ಮನೆಯಲ್ಲಿ ಒಂಬತ್ತು ದಿನದ ಕೂಸು,
ಬೋನಸ್ಸು ಬಂದರೆ ಕಲ್ಲಿದ್ದಲು.

ಒಬ್ಬ ತಂದೆಯ ಕಾಲು ಟನ್ನು
ಪೆನ್ಸಿಲಿನಿಂದ ಖಾತೆಗೆ, ಖಾತೆಯಿಂದ ಟೇಪಿಗೆ,
ಟೇಪಿನಿಂದ ನನ್ನ ಆರು ಲಕ್ಷ ಚೌಕಕ್ಕೆ ಇಳಿದು
ಅಲ್ಲಿ ಬಂಡೆಯ ಬಿರುಕಾಗಿದೆ.

ಬಿರುಕನ್ನು ಅಳಿಸಿದೆ. ಆ ಮೂರು ತಿಂಗಳು ಖಾಲಿ ಬಿಟ್ಟೆ.
ಕಾರಣ ಬರೆಯುವ ಜಾಗದಲ್ಲಿ: ಅಳತೆ ಇಲ್ಲ.
ಅಜ್ಜನ ಹೆಸರು ಬರೆಯಲಿಲ್ಲ, ಪಿಂಚಣಿಗೆ ಇನ್ನು ಐದೇ ತಿಂಗಳು.
ಈಗ ನೂರು ಸಲ ಓಡಿಸಿದರೆ ನೂರು ನಾಳೆ,
ಒಂದೇ ಬುಡದಿಂದ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ.
ಇಷ್ಟೊಂದು ಯಾಕೆ, ಒಂದು ಸಂಖ್ಯೆ ಹೇಳು, ಅನ್ನುತ್ತಾರೆ ಸಭೆಯಲ್ಲಿ.
ಬಾಯಿಗೆ ಬಂದದ್ದು ಯಾವುದೆಂದು
ಇಲ್ಲಿ ಹೇಳುವುದಿಲ್ಲ. ನುಂಗಿಕೊಂಡೆ.

ಗೂಟ ಕೀಳಲು ಬೇರೆಯೇ ಅರ್ಜಿಯಂತೆ, ಇನ್ನೂ ಅಲ್ಲೇ ಇದೆ.
ಒಂಟೆಗೆ ಅನುಕೂಲವಾಯಿತು, ಎಂದ ಅಜ್ಜ ಫೋನಿನಲ್ಲಿ,
ದಿನಾ ಬಂದು ಕತ್ತು ತುರಿಸಿಕೊಳ್ಳುತ್ತದೆ.